ಕಸದೊಳಗಿನ ಕಣ್ಣು

ಅಡುಗೆಗೆ ಹೆಚ್ಚಿ ಉಳಿದ ತರಕಾರಿಯ ಬುಡದಿಂದ ಮನೆಯಲ್ಲಿಯೇ ಮತ್ತೆ ತರಕಾರಿ ಬೆಳೆಯಬಹುದೆಂಬ ಮಾತು ಈಚೆಗೆ ಬಹಳ ಪ್ರಚಾರದಲ್ಲಿದೆ. ಒಂದು ಲೋಟ ನೀರು, ಬಿಸಿಲು ಬೀಳುವ ಒಂದು ಕಿಟಕಿ ಇದ್ದರೆ ಸಂತೆಯ ಖರ್ಚೇ ಉಳಿದೀತೆಂದು ಅದನ್ನು ವರ್ಣಿಸಲಾಗುತ್ತದೆ. ಈ ಭರವಸೆ ಅರ್ಧ ಸತ್ಯ. ಆದರೂ ಕೆಲಸ ಮಾಡತಕ್ಕದ್ದೇ ಆಗಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ವಿದ್ಯಾರ್ಥಿಗಳಿಗೆ ಅದರ ಬೆಲೆ ಸಂತೆಯ ಲೆಕ್ಕವನ್ನು ಮೀರಿದ್ದು.

ಮೊದಲು ನಿಜಸ್ಥಿತಿಯನ್ನು ನೋಡಬೇಕು. ಗಜ್ಜರಿಯ ತಲೆಯನ್ನು ನೀರಿನಲ್ಲಿಟ್ಟರೆ ಸೊಪ್ಪು ಚಿಗುರುತ್ತದೆ, ಗಜ್ಜರಿ ಮಾತ್ರ ಬರುವುದಿಲ್ಲ. ತಿನ್ನುವ ಭಾಗವು ಗಿಡ ತನ್ನ ಆಹಾರವನ್ನು ಕೂಡಿಟ್ಟ ತಾಯಿಬೇರು. ಕತ್ತರಿಸಿದ ಮೇಲೆ ಅದು ಮರಳಿ ತುಂಬಿಕೊಳ್ಳದು. ಮೂಲಂಗಿಯ ಸ್ಥಿತಿಯೂ ಇದೇ. ಬೇರುಸಹಿತ ಉಳಿಸಿದ ಉಳ್ಳಾಗಡ್ಡಿ ತಪ್ಪಲಿನ ಬಿಳಿಯ ಬುಡವಾದರೋ ವಾರದೊಳಗೆ ಹೊಸ ಎಲೆ ನೀಡುತ್ತದೆ. ಪುದೀನದ ಕಡ್ಡಿಯ ಕೆಳಗಿನ ಎಲೆಗಳನ್ನು ಕಿತ್ತು, ಗೆಣ್ಣು ಮುಳುಗುವಂತೆ ನೀರಿನಲ್ಲಿಟ್ಟರೆ ಒಂದೆರಡು ವಾರಗಳಲ್ಲಿ ಬೇರೊಡೆಯುತ್ತದೆ. ಅನಂತರ ಅದಕ್ಕೆ ಮಣ್ಣೇ ಬೇಕು. ಕಣ್ಣಿರುವ ಆಲೂಗಡ್ಡೆಯ ಹೋಳನ್ನು ಒಂದೆರಡು ದಿನ ಆರಿಸಿ, ದಸರೆಯ ಬಳಿಕ ಮಣ್ಣಿಗೆ ಹಾಕಿದರೆ ಸುಮಾರು 3 ತಿಂಗಳಿಗೆ ಗಡ್ಡೆ ಕಟ್ಟುತ್ತದೆ; ಬೇಸಿಗೆಯ ಕಾವಿನಲ್ಲಿ ಕಟ್ಟದು. ಅದರ ಎಲೆಯನ್ನಾಗಲಿ, ಹಸಿರುಗಟ್ಟಿದ ಗಡ್ಡೆಯನ್ನಾಗಲಿ ತಿನ್ನಬಾರದು, ಅವುಗಳಲ್ಲಿ ವಿಷಾಂಶವಿರುತ್ತದೆ. ಮಳೆಗಾಲದ ಮುನ್ನ ನೆಟ್ಟ ಹಸಿಶುಂಠಿಗೆ 8-9 ತಿಂಗಳ ತಾಳ್ಮೆ ಬೇಕು.

ಇವೆಲ್ಲವುಗಳ ಹಿಂದಿರುವ ನಿಯಮ ಒಂದೇ. ಯಾವ ತುಂಡಿನಲ್ಲಿ ಕಣ್ಣು, ಗೆಣ್ಣು ಅಥವಾ ಕುಡಿ ಉಳಿದಿದೆಯೋ ಅದು ಚಿಗುರುತ್ತದೆ. ಉಳಿದದ್ದು ಗೊಬ್ಬರದ ಗುಂಡಿಗೆ ಸಲ್ಲುತ್ತದೆ. ಕಸವೆಂದು ಒಟ್ಟಾಗಿ ಎಸೆಯುವುದರಲ್ಲಿ ಇವೆರಡನ್ನೂ ಬೇರ್ಪಡಿಸಿ ಕಾಣುವ ವಿವೇಕವೇ ಈ ಕೃಷಿಯ ಮೊದಲ ಫಲ.

ಎರಡನೆಯ ಫಲ ಭಾಷೆಗೆ ಸಂಬಂಧಿಸಿದುದು. ಆಲೂಗಡ್ಡೆಯಲ್ಲಿ, ಕಬ್ಬಿನಲ್ಲಿ ಚಿಗುರೊಡೆಯುವ ಜಾಗಕ್ಕೆ ಕನ್ನಡಿಗನು ‘ಕಣ್ಣು’ ಎನ್ನುತ್ತಾನೆ, ಮರಾಠಿಗನು ‘ಡೋಳಾ’ ಎನ್ನುತ್ತಾನೆ. ಎರಡರ ಅರ್ಥವೂ ಒಂದೇ. ಕಡಿದ ಕಬ್ಬಿನ ಬುಡದಿಂದ ಮರಳಿ ಬರುವ ಬೆಳೆ ಕನ್ನಡದಲ್ಲಿ ‘ಕೂಳೆ’, ಮರಾಠಿಯಲ್ಲಿ ‘ಖೋಡವಾ’. ಗಡಿಭಾಗದ ಹಿರಿಯ ಒಕ್ಕಲಿಗನಿಗೆ ಈ ಜೋಡಿಗಳೆರಡೂ ಬಾಯಿಪಾಠ. ಅವನ ಮೊಮ್ಮಕ್ಕಳು ಶಾಲೆ, ಕಚೇರಿ, ಪೇಟೆಗಳಲ್ಲಿ ಮರಾಠಿಯನ್ನು ಆಡಿ ಮನೆಗೆ ಬರುವಾಗ ‘ಖೋಡವಾ’ ಉಳಿದು ‘ಕೂಳೆ’ ಜಾರಿಹೋಗಿರುತ್ತದೆ. ಮರಾಠಿಯನ್ನು ಕಲಿತದ್ದು ಇದಕ್ಕೆ ಕಾರಣವಲ್ಲ. ಎರಡು ಭಾಷೆ ಬಲ್ಲವನ ಸಂಪತ್ತು ದೊಡ್ಡದು. ಕನ್ನಡದ ಮಾತಿಗೆ ಕೈಯಲ್ಲಿ ಕೆಲಸವಿಲ್ಲದಿರುವುದೇ ನಿಜವಾದ ಕಾರಣ. ಕುಡಿ, ಚಿಗುರು, ಗೆಣ್ಣು, ಮೊಳಕೆಗಳ ಅರ್ಥವನ್ನು ನಿಘಂಟಿನಲ್ಲಿ ಹುಡುಕಿ ಬರೆದ ವಿದ್ಯಾರ್ಥಿಯು ಪರೀಕ್ಷೆಯಲ್ಲಿ ಅಂಕ ಪಡೆದಾನು. ಬಳ್ಳಿಯ ಕುಡಿಯನ್ನು ಕುರಿತ ಹಾಡೊಂದನ್ನು ಅವನು ಅರೆಗಣ್ಣಿನಿಂದಲೇ ಓದುತ್ತಾನೆ.

ನೀರಿಗೆ ಬರವಿರುವ ನಾಡಿನಲ್ಲಿ ಇದೆಂಥ ವಿಲಾಸವೆಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪ ಸಾಧುವಾದುದೇ. 12ನೆಯ ಶತಮಾನದಲ್ಲಿ ಸಿದ್ಧರಾಮನು ಕೆರೆ ಕಟ್ಟಿಸಿದ ಸೊನ್ನಲಿಗೆಯಲ್ಲಿ ನೀರಿನ ಲೆಕ್ಕವನ್ನು ಮರೆತು ಯಾವ ಮಾತೂ ಆಡಬಾರದು. ಅಕ್ಕಿ, ಬೇಳೆ ತೊಳೆದ ನೀರು ಒಂದೆರಡು ಕುಂಡಗಳಿಗೆ ಸಾಕು. ಅದಕ್ಕಿಂತ ಹೆಚ್ಚು ಬೇಡುವ ತೋಟವನ್ನು ಅಲ್ಲಿ ಮಾಡದಿರುವುದೇ ಲೇಸು.

ಆದ್ದರಿಂದ ಕನ್ನಡ ಐಚ್ಛಿಕದ ವಿದ್ಯಾರ್ಥಿಗಳು ಈ ಹಿಂಗಾರಿನಲ್ಲಿ ತಲಾ ಒಂದು ಕುಂಡವನ್ನು ಇಟ್ಟುಕೊಳ್ಳುವುದು ಯುಕ್ತ. ಚಿಗುರಿದ್ದೇನು, ಕೊಳೆತದ್ದೇನು ಎಂಬುದನ್ನು ದಿನಾಂಕದೊಡನೆ ಬರೆದಿಡಲಿ. ಪ್ರತಿಯೊಂದು ಭಾಗಕ್ಕೂ ಮನೆಯ ಅಜ್ಜಿ ಹೇಳುವ ಹೆಸರನ್ನು ಕೇಳಿ, ಪಕ್ಕದಲ್ಲಿ ಮರಾಠಿಯ ಹೆಸರನ್ನೂ ಸೇರಿಸಲಿ. ವರ್ಷಾಂತ್ಯಕ್ಕೆ ಕುಂಡದಿಂದ ಒಂದು ಹಿಡಿ ಸೊಪ್ಪು ದೊರೆತರೂ ಸಾಕು, ಆ ಪಟ್ಟಿ ವಿಭಾಗದ ಗ್ರಂಥಾಲಯದಲ್ಲಿ ಇಡತಕ್ಕ ಪುಸ್ತಕವಾದೀತು.