ಮಲ್ಲೇಶ್ವರದ ಮರಗಳಿಗೆ ದಿಕ್ಕು ಯಾರು?

ಪರದೇಶದಿಂದ ರಜೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಮನೆಗೆ ಬಂದಿದ್ದ. "ಮೇಷ್ಟ್ರೇ, ನಮ್ಮ ಮಲ್ಲೇಶ್ವರ ಹೀಗಾಯಿತಲ್ಲ, ಇದಕ್ಕೆ ಯಾರನ್ನು ಬೈಯೋಣ?" ಎಂದ. ಅವನು ಹೋದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬೈಯಲಾದರೂ ಒಬ್ಬರು ಬೇಕಲ್ಲವೆ?

ಮಲ್ಲೇಶ್ವರದ ನೆರಳು ತಾನಾಗಿ ಹುಟ್ಟಿದ್ದಲ್ಲ. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಜನ ಸಾಯತೊಡಗಿದಾಗ, ಗಾಳಿ ಬೆಳಕು ಸಾಕಷ್ಟು ದೊರೆಯುವಂತೆ ಈ ಬಡಾವಣೆಯನ್ನು ರೂಪಿಸಿದರು. ನೇರವಾದ ರಸ್ತೆಗಳು, ಸಾಲಾಗಿ ಅಡ್ಡರಸ್ತೆಗಳು, ಮನೆಯ ಸುತ್ತ ಅಂಗಳ, ಹಿಂದೆ ಕನ್ಸರ್ವೆನ್ಸಿ ಓಣಿ. (ಆ ಓಣಿಗಳಲ್ಲಿ ಮನುಷ್ಯರಿಂದ ಮಲ ಹೊರಿಸುತ್ತಿದ್ದರೆಂಬುದನ್ನು ಹಳೆಯದನ್ನು ಹೊಗಳುವ ಭರದಲ್ಲಿ ನಾವು ಮರೆಯಬಾರದು.) ರಸ್ತೆಗಳಿಗೆ ಸಂಪಿಗೆಯ, ಬೇವಿನ ಹೆಸರು. ಇವೆಲ್ಲ ಆಡಳಿತದ ಕೆಲಸ. ಆದ್ದರಿಂದಲೇ ಆಡಳಿತ ದೂರವಾದರೆ ಅವು ಉಳಿಯುವುದು ಕಷ್ಟವೆಂದು ನನ್ನ ಅಭಿಪ್ರಾಯ.

ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅವಧಿ ಮುಗಿಯುವ ಮುನ್ನವೇ ಚುನಾವಣೆ ಪೂರೈಸಬೇಕೆಂದು ಸಂವಿಧಾನ ಹೇಳುತ್ತದೆ. ವಾರ್ಡುಗಳ ವಿಂಗಡಣೆ, ಮೀಸಲಾತಿ, ವ್ಯಾಜ್ಯ ಎನ್ನುತ್ತ ವರ್ಷಗಳು ಉರುಳಿದವು. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾಯಿತು. ಅಷ್ಟು ಹೊತ್ತಿಗೆ ಸದಸ್ಯರೇ ಇಲ್ಲದೆ ಪೂರ್ಣ ಐದು ವರ್ಷ, ಅಂದರೆ ಒಂದು ಇಡೀ ಅವಧಿಯೇ, ಕಳೆದುಹೋಗಿತ್ತು.

ಆ ದಿನಗಳಲ್ಲಿ ನಮ್ಮ ಬೀದಿಯ ಹೊಂಗೆಯ ಕೊಂಬೆಯೊಂದು ವಿದ್ಯುತ್ ತಂತಿಯ ಮೇಲೆ ಒರಗಿತು. ಒಂದು ಕಚೇರಿಯವರು ಮರ ನಮ್ಮದಲ್ಲವೆಂದರು, ಇನ್ನೊಂದರವರು ತಂತಿ ನಮ್ಮದಲ್ಲವೆಂದರು. ಮೂರು ಅರ್ಜಿ ಬರೆದೆ. ಅಕ್ಷರ ತಿದ್ದುತ್ತ ಬದುಕಿದವನಾದ್ದರಿಂದ ಅರ್ಜಿಗಳಲ್ಲಿ ತಪ್ಪಂತೂ ಇರಲಿಲ್ಲ! ಕೊಂಬೆ ಒಂದು ಮಳೆಯ ರಾತ್ರಿ ತಾನೇ ಬಿತ್ತು. ಬೆಳಿಗ್ಗೆ ಬಂದವರು ಕೊಂಬೆಯ ಜೊತೆಗೆ ಅರ್ಧ ಮರವನ್ನೇ ಕಡಿದುಹಾಕಿದರು. ಹಿಂದೆ ಇಂಥ ಪ್ರಸಂಗದಲ್ಲಿ ವಾರ್ಡಿನ ಸದಸ್ಯರನ್ನು ಎಂಟನೆಯ ಅಡ್ಡರಸ್ತೆಯಲ್ಲಿ ತರಕಾರಿ ಕೊಳ್ಳುವಾಗಲೇ ತಡೆದು ನಿಲ್ಲಿಸಿ ಕೇಳಬಹುದಿತ್ತು.

ಸದಸ್ಯರೆಲ್ಲ ಸತ್ಯಹರಿಶ್ಚಂದ್ರರೆಂದು ನಾನು ಹೇಳುತ್ತಿಲ್ಲ. 2011ರಲ್ಲಿ ಸ್ಯಾಂಕಿ ಕೆರೆಯ ಬಳಿ ರಸ್ತೆ ಅಗಲ ಮಾಡಲು ಮರಗಳಿಗೆ ಕೊಡಲಿ ಬಿದ್ದಾಗ ಪಾಲಿಕೆಯಲ್ಲಿ ಸದಸ್ಯರಿದ್ದರು. 2023ರಲ್ಲಿ ಅಲ್ಲಿಯೇ ಮೇಲ್ಸೇತುವೆಯ ಮಾತು ಬಂದಾಗ ಇರಲಿಲ್ಲ. ಎರಡು ಸಲವೂ ಬೀದಿಗಿಳಿದವರು ನಿವಾಸಿಗಳೇ. ಆದರೆ ಮರವೊಂದಕ್ಕೆ ಪ್ರತಿಸಲವೂ ಜನ ಬೀದಿಗಿಳಿಯಬೇಕೆ, ನ್ಯಾಯಾಲಯದ ಮೆಟ್ಟಿಲು ಹತ್ತಬೇಕೆ? ಮುಂದಿನ ಸಲ ಮತ ಕೇಳಲು ಬರಬೇಕೆಂಬ ಅಳುಕು ಇರುವವನು ಒಂದು ಮಾತಾದರೂ ಕೇಳಿಸಿಕೊಳ್ಳುತ್ತಾನೆ. ವರ್ಗವಾಗಿ ಹೋಗುವ ಅಧಿಕಾರಿಗೆ ಆ ಅಳುಕಿಲ್ಲ.

ನಮ್ಮ ತಪ್ಪೂ ಕಡಿಮೆಯೇನಲ್ಲ. ಅಂಗಳದ ಮಾವನ್ನು ಕಡಿಸಿ ಅಪಾರ್ಟ್‌ಮೆಂಟಿಗೆ ಸಹಿ ಹಾಕಿದವರು ನಾವೇ. 2015ರ ಪಾಲಿಕೆ ಚುನಾವಣೆಯಲ್ಲಿ ನಗರದ ಅರ್ಧದಷ್ಟು ಮತದಾರರೂ ಮತಗಟ್ಟೆಗೆ ಹೋಗಲಿಲ್ಲ. ಅಂದು ಮನೆಯಲ್ಲಿ ಕುಳಿತವರಲ್ಲಿ ನನ್ನ ವಿದ್ಯಾರ್ಥಿಗಳೂ ಇದ್ದರೆಂದು ಬಲ್ಲೆ.

ಆ ಹೊಂಗೆ ಇನ್ನೂ ಚಿಗುರುತ್ತಿದೆ. ಪಾದಚಾರಿ ಮಾರ್ಗ ಮಾಡಿದವರು ಅದರ ಬುಡಕ್ಕೆ ಹನಿ ನೀರೂ ಇಳಿಯದಂತೆ ಸಿಮೆಂಟು ಮೆತ್ತಿದ್ದಾರೆ. ನಮ್ಮ ವಾರ್ಡಿನಲ್ಲಿ ಮತ ಕೇಳಲು ಯಾರೇ ಬರಲಿ, ಕಾಫಿ ಕೊಟ್ಟು ಮೊದಲು ಆ ಬುಡವನ್ನು ತೋರಿಸಬೇಕೆಂದಿದ್ದೇನೆ.