ಟ್ಯಾಂಕಿನ ಪವಾಡವೂ ಬೊಕ್ಕಸದ ಹಣವೂ

ಸರಕಾರದ ಕೈಯಲ್ಲಿ ಕಾರ್ಖಾನೆ ತುಕ್ಕು ಹಿಡಿಯುತ್ತದೆ, ಖಾಸಗಿಯವರ ಕೈಯಲ್ಲಿ ಚಿನ್ನ ಬೆಳೆಯುತ್ತದೆ ಎಂದು ವಾದಿಸುವ ಮಹನೀಯರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ೨೦೨೧ರ ಅಕ್ಟೋಬರಿನಲ್ಲಿ ನಮ್ಮ ದೇಶದ ೪೧ ಶಸ್ತ್ರಾಸ್ತ್ರ ಕಾರ್ಖಾನೆಗಳನ್ನು ಏಳು ಸರಕಾರೀ ಕಂಪನಿಗಳಿಗೆ ಹಂಚಿದ ಮೇಲಂತೂ, ಇನ್ನೊಂದು ಹೆಜ್ಜೆ ಏಕೆ ಬಾಕಿ ಎಂದು ಅವಸರಪಡುತ್ತಾರೆ. ಅವರ ಬತ್ತಳಿಕೆಯಲ್ಲಿ ತಪ್ಪದೆ ಇರುವ ಬಾಣ ಅಮೆರಿಕದ ಡೆಟ್ರಾಯಿಟ್ ಆರ್ಸೆನಲ್. ಮೋಟಾರುಕಾರು ಮಾಡುವ ಕ್ರೈಸ್ಲರ್ ಕಂಪನಿ ಬರಿಯ ಹೊಲದಲ್ಲಿ ಕಾರ್ಖಾನೆ ಎಬ್ಬಿಸಿ ಇಡ್ಲಿ ಬೇಯಿಸಿದಂತೆ ಟ್ಯಾಂಕುಗಳನ್ನು ಇಳಿಸಿತಲ್ಲ, ಇದಲ್ಲವೆ ಖಾಸಗಿ ಉದ್ಯಮದ ಪವಾಡ? ನಾನು ಕನ್ನಡ ಪಾಠ ಹೇಳುವವನು. ಯಂತ್ರಶಾಸ್ತ್ರ ನನ್ನ ವಿಷಯವಲ್ಲ. ಆದರೆ ಕರ್ತೃಪದ ತಪ್ಪಿದ ವಾಕ್ಯವನ್ನು ಕಂಡರೆ ತಿದ್ದದೆ ಬಿಡಲಾರೆ.

೧೯೪೦ರಲ್ಲಿ ಫ್ರಾನ್ಸ್ ಬಿದ್ದಾಗ ಅಮೆರಿಕದ ಬಳಿ ಹೇಳಿಕೊಳ್ಳುವಂಥ ಟ್ಯಾಂಕುಬಲ ಇರಲಿಲ್ಲ. ರಕ್ಷಣಾ ಉತ್ಪಾದನೆಯ ಹೊಣೆ ಹೊತ್ತಿದ್ದ ನೂಡ್ಸನ್ ಅವರು ಕ್ರೈಸ್ಲರಿನ ಅಧ್ಯಕ್ಷ ಕೆಲ್ಲರ್ ಅವರನ್ನು ಕೇಳಿಕೊಂಡರು. ಕಂಪನಿಯವರಿಗೆ ಟ್ಯಾಂಕು ಮಾಡಿ ಗೊತ್ತಿರಲಿಲ್ಲ. ಅವರು ಹೋಗಿ ನೋಡಿ ಬಂದದ್ದು ಎಲ್ಲಿಗೆ? ರಾಕ್ ಐಲೆಂಡಿಗೆ, ಸೈನ್ಯದ್ದೇ ಆದ ಹಳೆಯ ಆಯುಧ ಕಾರ್ಖಾನೆಗೆ. ನಕ್ಷೆಗಳು ಬಂದದ್ದೂ ಅಲ್ಲಿಂದ. ಅವನ್ನು ಮುಂದಿಟ್ಟುಕೊಂಡು ಮೊದಲು ಮರದಲ್ಲಿ ಒಂದು ಟ್ಯಾಂಕು ಕೆತ್ತಿಕೊಂಡರು. ಪವಾಡದ ಮೂಲಪಾಠವೇ ಸರಕಾರದ್ದು.

ಹಣ ಯಾರದು? ವಾರೆನ್ನಿನ ಹೊಲಗಳಲ್ಲಿ ನೂರು ಎಕರೆಗೂ ಮೀರಿ ಹರಡಿದ ಆ ಸ್ಥಾವರಕ್ಕೂ ಅದರ ಯಂತ್ರಗಳಿಗೂ ಬೊಕ್ಕಸವೇ ತೆತ್ತಿತು, ಒಡೆತನವೂ ಸರಕಾರದ್ದೇ. ಕಂಪನಿ ಪ್ರತಿಫಲ ಪಡೆದು ನಡೆಸಿಕೊಟ್ಟಿತು. ಅಸ್ತಿಭಾರ ತೋಡುವುದಕ್ಕೆ ಮೊದಲೇ ಸಾವಿರ ಟ್ಯಾಂಕುಗಳನ್ನು ಕೊಳ್ಳುವ ಒಪ್ಪಂದವಾಗಿತ್ತು. ಬಂಡವಾಳ ಗಿರಾಕಿಯದು, ಸರಕೆಲ್ಲ ಮುಂಚೆಯೇ ಮಾರಾಟ. ಇಂಥ ಅಂಗಡಿ ಸಿಕ್ಕರೆ ನಮ್ಮ ಬೀದಿಯ ಶೆಟ್ಟರೂ ಪವಾಡ ಮಾಡಿಯಾರು.

ಕಂಪನಿಯ ಕೌಶಲವನ್ನು ನಾನು ಅಲ್ಲಗಳೆಯುವುದಿಲ್ಲ. ಚಳಿಗಾಲದಲ್ಲಿ ಕಟ್ಟಡ ಮುಗಿಯದಿದ್ದಾಗ ಉಗಿಬಂಡಿಯ ಎಂಜಿನನ್ನೇ ತಂದು ನಿಲ್ಲಿಸಿ ಕಾವು ಕೊಟ್ಟರು. ೧೯೪೧ರ ಏಪ್ರಿಲ್ ಹೊತ್ತಿಗೆ ಮೊದಲ ಎಂ-೩ ಟ್ಯಾಂಕು ಹೊರಬಿತ್ತು. ಎಂಜಿನುಗಳ ಅಭಾವ ಬಂದಾಗ ಐದು ಕಾರು ಎಂಜಿನುಗಳನ್ನು ಒಂದಾಗಿ ಬೆಸೆದು ಮೂವತ್ತು ಸಿಲಿಂಡರುಗಳ ಒಂದು ವಿಚಿತ್ರ ಪ್ರಾಣಿಯನ್ನು ಸೃಷ್ಟಿಸಿದರು, ಅದು ಓಡಿತು ಕೂಡ! ಯುದ್ಧ ಮುಗಿಯುವ ವೇಳೆಗೆ ೨೨,೦೦೦ಕ್ಕೂ ಮೀರಿ ಟ್ಯಾಂಕುಗಳು ಅಲ್ಲಿಂದ ಬಂದಿದ್ದವು. ಅಮೆರಿಕ ಮಾಡಿದ ಒಟ್ಟು ಟ್ಯಾಂಕುಗಳಲ್ಲಿ ಸುಮಾರು ಕಾಲು ಪಾಲು. ಆದರೆ ಕೌಶಲ ಬೇರೆ, ಕರ್ತೃತ್ವ ಬೇರೆ. ಹಿಂದೆ ಇಂಗ್ಲಿಷ್ ಕಡತಗಳಲ್ಲಿ ನಮ್ಮ ಕೆರೆಗಳಿಗೂ ಟ್ಯಾಂಕೆಂದೇ ಹೆಸರು. ಆ ಟ್ಯಾಂಕನ್ನು ಊರವರು ಹಣ ಹಾಕಿ ಕಟ್ಟಿಸಿದ ಮೇಲೆ ಶಾಸನದಲ್ಲಿ ಗುತ್ತಿಗೆದಾರನ ಹೆಸರನ್ನು ಕೆತ್ತಿಸಿದರೆ ಒಪ್ಪುತ್ತೇವೆಯೆ?

ಕಥೆಯ ಉತ್ತರಾರ್ಧವನ್ನು ನಮ್ಮ ಮಹನೀಯರು ಹೇಳುವುದೇ ಇಲ್ಲ. ಶಾಂತಿ ಬಂದಿತು, ಗಿರಾಕಿ ಹೋದ. ಕಂಪನಿ ತನ್ನ ಕಾರುಗಳಿಗೆ ಮರಳಿತು. ಸ್ಥಾವರವನ್ನು ಉಳಿಸಿಕೊಂಡದ್ದು ಸೈನ್ಯ. ಕೊರಿಯಾ ಯುದ್ಧದ ವೇಳೆ, ೧೯೫೨ರಲ್ಲಿ, ಕ್ರೈಸ್ಲರ್ ಮತ್ತೆ ಬಂದಿತು. ೧೯೬೦ರಿಂದ ಎಂ-೬೦ ಟ್ಯಾಂಕುಗಳು ಇಳಿದವು. ೧೯೭೯ರಲ್ಲಿ ಇದೇ ಕಂಪನಿ ದಿವಾಳಿಯೇಳುವ ಹಂತಕ್ಕೆ ಬಂದಾಗ ಯಾರ ಬಾಗಿಲು ತಟ್ಟಿತು? ೧೯೮೦ರ ಜನವರಿಯಲ್ಲಿ ೧೫೦ ಕೋಟಿ ಡಾಲರುಗಳ ಸಾಲಕ್ಕೆ ಜಾಮೀನು ನಿಲ್ಲುವ ಕಾನೂನಿಗೆ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದರು. ಸಾಲವನ್ನೇನೋ ೧೯೮೩ರಲ್ಲಿ ತೀರಿಸಿದರು. ಆದರೆ ಅದಕ್ಕೆ ಮುಂಚೆ, ೧೯೮೨ರಲ್ಲಿ, ನಗದಿನ ಆಸೆಗೆ ಟ್ಯಾಂಕು ವಿಭಾಗವನ್ನು ಜನರಲ್ ಡೈನಮಿಕ್ಸ್ ಕಂಪನಿಗೆ ಮಾರಿಬಿಟ್ಟರು. ೧೯೯೬ರಲ್ಲಿ ವಾರೆನ್ನಿನ ಟ್ಯಾಂಕು ಸ್ಥಾವರವೇ ಮುಚ್ಚಿತು.

ಕೆಲಸ ಉಳಿದದ್ದು ಒಹಾಯೋದ ಲೈಮಾ ಊರಿನಲ್ಲಿ. ಅಲ್ಲಿಯೂ ನಡೆಸುವವರು ಜನರಲ್ ಡೈನಮಿಕ್ಸಿನವರು. ಕಾರ್ಖಾನೆಯ ಒಡೆತನ ಮಾತ್ರ ಇಂದಿಗೂ ಸರಕಾರದ್ದೇ. ಖಾಸಗಿ ಉದ್ಯಮದ ತವರುಮನೆ ಎನಿಸಿಕೊಂಡ ದೇಶ ಅದನ್ನು ಇನ್ನೂ ಏಕೆ ಮಾರಿಲ್ಲ ಎಂಬುದನ್ನು ಡೆಟ್ರಾಯಿಟಿನ ಭಕ್ತರು ಮುಂದಿನ ಭಾಷಣದಲ್ಲಾದರೂ ತಿಳಿಸಲಿ.