ಮದ್ದೂರಿನಿಂದ ಕಡಲಿಗೊಂದು ಹರಿಗೋಲು

ಮೈಸೂರಿನ ರೈಲು ಮದ್ದೂರಿನಲ್ಲಿ ನಿಂತಾಗ ಪ್ರಯಾಣಿಕರ ಕಣ್ಣೆಲ್ಲ ವಡೆಯ ಬುಟ್ಟಿಯ ಮೇಲೆ. ಊರ ಮಗ್ಗುಲಲ್ಲೇ ಹರಿಯುವ ಶಿಂಷೆಯನ್ನು ನೋಡುವವರು ವಿರಳ. ಆ ದಡದಲ್ಲಿ ನಿಂತ ಕೆಲವು ತರುಣರಿಗೆ, ಇಲ್ಲಿಂದಲೇ ದೋಣಿಯೇರಿ ಕಾವೇರಿಯನ್ನು ಸೇರಿ ಪೂಂಪುಹಾರಿನ ಕಡಲನ್ನು ಮುಟ್ಟಬೇಕು, ದಾರಿಯುದ್ದಕ್ಕೂ ಚಂದಾ ಎತ್ತಿ ಬಡ ಮಕ್ಕಳ ಓದಿಗೆ ಒಪ್ಪಿಸಬೇಕು ಎಂಬ ಹಂಬಲ ಹುಟ್ಟಿತೆನ್ನೋಣ. ಹಂಬಲವೇನೋ ಮೆಚ್ಚತಕ್ಕದ್ದೇ. ಆದರೆ ಸಂಕಲ್ಪ ಒಳ್ಳೆಯದೆಂದು ನದಿ ದಾರಿ ಬಿಡುವುದಿಲ್ಲ.

ಇಂಥ ಧರ್ಮಾರ್ಥ ಯಾನಗಳು ಇಂಗ್ಲೆಂಡಿನಲ್ಲಿ ಸುಲಭ. ಅಲ್ಲಿ ಕಾಲುವೆಗಳನ್ನು ತೋಡಿದ್ದೇ ಸರಕಿನ ದೋಣಿಗಳಿಗಾಗಿ. ನೆಲ ಏರಿಳಿಯುವಲ್ಲಿ ಎರಡು ಕದಗಳ ನಡುವೆ ದೋಣಿಯನ್ನು ನಿಲ್ಲಿಸಿ, ನೀರು ತುಂಬಿಸಿ ಇಲ್ಲವೆ ಬರಿದುಮಾಡಿ, ಅದನ್ನು ಮೇಲಕ್ಕೋ ಕೆಳಕ್ಕೋ ಸಾಗಿಸುತ್ತಾರೆ. ಮಂಡ್ಯ ಸೀಮೆಯ ವಿಶ್ವೇಶ್ವರಯ್ಯ ನಾಲೆಯಾದರೋ ಗದ್ದೆಗಳಿಗಾಗಿ ಹುಟ್ಟಿದ್ದು. ಹುಲಿಕೆರೆಯ ಬಳಿ ಅದು ಸುರಂಗವನ್ನೇ ಹೊಕ್ಕು ಬರುತ್ತದೆ. 2018ರ ನವೆಂಬರಿನಲ್ಲಿ ಕನಗನಮರಡಿಯ ಹತ್ತಿರ ಬಸ್ಸೊಂದು ಆ ನಾಲೆಗೆ ಉರುಳಿ 30 ಮಂದಿ ಪ್ರಾಣ ನೀಗಿದುದನ್ನು ಜಿಲ್ಲೆ ಇನ್ನೂ ಮರೆತಿಲ್ಲ. ಆದುದರಿಂದ ನಾಲೆಯ ಆಸೆ ಬಿಟ್ಟು ಹೊಳೆಯ ದಾರಿಯನ್ನೇ ಹಿಡಿಯಬೇಕು.

ಆ ದಾರಿಯೂ ನೇರವಲ್ಲ. ಮದ್ದೂರಿನಿಂದ ಕೆಳಗೆ ಇಗ್ಗಲೂರಿನ ಅಣೆಕಟ್ಟು. ಅನಂತರ ಶಿಂಷಾ ಜಲಪಾತ. ಕಾವೇರಿಯನ್ನು ಕೂಡಿದ ಮೇಲೆ ಮುತ್ತತ್ತಿಯ ಕಾಡು. ಅದು ವನ್ಯಧಾಮ, ನೀರಿನಲ್ಲಿ ಮೊಸಳೆ, ದಡದಲ್ಲಿ ಆನೆ. ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಅಲ್ಲಿ ಹೆಜ್ಜೆಯಿಡುವಂತಿಲ್ಲ. ಮೇಕೆದಾಟಿನಲ್ಲಿ ಇಡೀ ಕಾವೇರಿ ಇಕ್ಕಟ್ಟಾದ ಕಲ್ಲಿನ ಕೊರಕಲಿಗೆ ನುಗ್ಗುತ್ತದೆ. ಯಾವ ದೋಣಿಯೂ ಅಲ್ಲಿ ಉಳಿಯದು. ಮುಂದೆ ಹೊಗೆನಕಲ್ಲಿನ ಧುಮುಕು, 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟು, ತಿರುಚಿನಾಪಳ್ಳಿಯಾಚೆ ಪುರಾತನವಾದ ಕಲ್ಲಣೆ. ಬೇಸಗೆಯಲ್ಲಿ ಹೊಳೆ ಬತ್ತಿ ಬಂಡೆ ಎದ್ದಿರುತ್ತದೆ. ಪ್ರವಾಹ ಬಂದಾಗ ಹೊಗೆನಕಲ್ಲಿನಲ್ಲಿ ಹರಿಗೋಲನ್ನೇ ನಿಲ್ಲಿಸಿಬಿಡುತ್ತಾರೆ. ನೆರೆ ಇಳಿದು, ನೀರು ಇನ್ನೂ ಉಳಿದಿರುವ ಕೆಲವು ವಾರಗಳಷ್ಟೇ ಯಾತ್ರಿಕರ ಪಾಲು.

ಈ ತೊಡಕುಗಳನ್ನೆಲ್ಲ ನಮ್ಮ ಹಿರಿಯರು ಎಂದೋ ಅರಿತಿದ್ದರು. ಬಿದಿರಿನ ಸಲಾಕೆಗಳನ್ನು ಬುಟ್ಟಿಯಂತೆ ಹೆಣೆದು, ಹಿಂದೆ ತೊಗಲು ಹೊದಿಸಿ, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುವ ಹರಿಗೋಲು ಹಗುರವಾದದ್ದು. ನೀರು ಮುನಿದೆಡೆ ಅಂಬಿಗನು ಅದನ್ನು ತಲೆಯ ಮೇಲೆ ಕವುಚಿಕೊಂಡು ದಡದಲ್ಲಿ ನಡೆದುಬಿಡುತ್ತಾನೆ. ಹೊಳೆಗೆ ಹೊರಡುವವರು ಮೊದಲು ಬರೆಯಬೇಕಾದ ಪಟ್ಟಿ, ಎಲ್ಲೆಲ್ಲಿ ತೇಲಬೇಕೆಂಬುದಲ್ಲ, ಎಲ್ಲೆಲ್ಲಿ ಇಳಿದು ಹೊರಬೇಕೆಂಬುದು.

ಎರಡನೆಯದು ಲೆಕ್ಕದ ಪುಸ್ತಕ. ಅದು ಒಂದಲ್ಲ, ಎರಡಿರಬೇಕು. ಅಂಬಿಗರ ಕೂಲಿ, ಪ್ರತಿಯೊಬ್ಬನಿಗೂ ತೇಲುವ ಅಂಗಿ, ಊಟ, ಔಷಧ ಇವೆಲ್ಲ ಯಾತ್ರಿಕರ ಸ್ವಂತ ಹಣದ ಪುಸ್ತಕಕ್ಕೆ ಸೇರತಕ್ಕವು. ಮಕ್ಕಳ ಹೆಸರಿನಲ್ಲಿ ಎತ್ತಿದ ಕಾಸು ಒಂದೂ ಸೋರದೆ ಮತ್ತೊಂದರಲ್ಲಿ ಕಾಣಬೇಕು. ಮೂರನೆಯದು, ಅಂಬಿಗನು “ಇವತ್ತು ಬೇಡ” ಎಂದರೆ ದಡದಲ್ಲೇ ಉಳಿಯುವ ವಿವೇಕ. ಮುಂದಿನ ಊರಿನಲ್ಲಿ ಹಾರ ತುರಾಯಿ ಕಾದಿದ್ದರೂ ಸರಿಯೇ.

ಹೀಗೆ ಸಾಗಿದರೆ ದಿನಗಳು ಹೆಚ್ಚು ಹಿಡಿಯುವುವು, ನಿಜ. ಆದರೆ ನಡುಹೊಳೆಯಲ್ಲಿ ಚಂದಾ ಕೊಡುವವರು ಯಾರು? ಹರಿಗೋಲನ್ನು ಹೊತ್ತು ಬೀದಿಯಲ್ಲಿ ನಡೆದುಬರುವವರನ್ನು ಕಂಡೇ ಜನ ಬಾಗಿಲಿಗೆ ಬರುವರು. ಯಾವ ಊರಿನವರೆಂದು ವಿಚಾರಿಸಿ, ಮಜ್ಜಿಗೆ ಕೊಟ್ಟು, ಆಮೇಲೆ ಒಳಗೆ ಹೋಗಿ ದುಡ್ಡಿನ ಡಬ್ಬಿಯನ್ನು ತೆರೆಯುವರು.